ಗಾಡಿ ಯಾರ್ದಪ್ಪಾ?

ಕರೆಂಟು ಹೋಯಿತಾ? ಹೋಗಲಿ ಬಿಡ್ರಿ. ಮಿಷಿನ್ ಬಿಟ್ಟು ಈ ಕಡೆ ಬಂದು ಕೂಡ್ರಿ. ಆ ಸದ್ದು ಏನು ಅಂತೀರಾ? ಗೋಡೆ ಹಿಂದೆ... ತೊಟಕ್... ತೊಟಕ್... ಅದನ್ನು ಕೊನೆಗೆ ಹೇಳ್ತೀನಿ. ಮೊದಲು ಇದನ್ನು ಕೇಳ್ರಿ. ಕಟ್ಟುಕತೆ ಅಲ್ಲ. ನಮ್ಮ ಚಿಕ್ಕಪ್ಪನ ಮಗ ಉಮಾಮಹೇಶ್ವರ ಇದ್ದಾನಲ್ಲ, ಅವನ ಮುಂದೆಯೇ ನಡೆದದ್ದು.

ಮಡಕಶಿರದ ಆ ಕಡೆ ರೊಳ್ಳ ಅಂತ ಊರು, ಅದರ ಆಚೆ ಒಂದು ಆಲದಮರ. ಅಮಾವಾಸ್ಯೆ ಹತ್ತಿರದ ರಾತ್ರಿ. ಮರದ ಕೆಳಗೆ ಕಾರು ನಿಲ್ಲಿಸಿ ಇಬ್ಬರು ಒಂದು ಪಾಳುಬಾವಿ ಕಡೆ ನಡೆದರು. ಕಾಲ ಕೆಳಗೆ ಕಡಲೆಕಾಯಿ ಸಿಪ್ಪೆ... ಚರ್... ಚರ್... ಮುಂದೆ ನಮ್ಮ ಉಮಾಮಹೇಶ್ವರ, ಕೈಯಲ್ಲಿ ಬ್ಯಾಟರಿ. ಹಿಂದೆ ಅವನ ಯಜಮಾನ ಗಾದಿಲಿಂಗಪ್ಪ, ಕೈಯಲ್ಲಿ ಉಳಿ, ಸುತ್ತಿಗೆ.

ಗಾದಿಲಿಂಗಪ್ಪ ಅಂದರೆ ಇದೇ ರಾಯದುರ್ಗದಲ್ಲಿ ಜೀನ್ಸ್ ಯೂನಿಟ್ ಇಟ್ಟಿದ್ದ ಮಹಾನುಭಾವ. ನಾನು ಅಲ್ಲೇ ಹೊಲೀತಿದ್ದೆ. ಹೊಲಿಗೆ ನಮ್ಮದು, ಸೊಂಟದ ಹಿಂದಿನ ಲೇಬಲ್ ಮಾತ್ರ ಯಾವುದೋ ದೇಶದ್ದು. ಆ ಲೇಬಲ್ಲಿನ ಮೇಲೆಯೇ ಅವನ ಮೀಸೆ ನಿಂತಿತ್ತು. ದುಡ್ಡು ಹೆಚ್ಚಾಯಿತು, ಹಳೇ ರೇಸ್ ಕಾರಿನ ಹುಚ್ಚು ಹಿಡಿಯಿತು. ಮಡಕಶಿರದ ಗುಜರಿಯಲ್ಲಿ ತುಕ್ಕು ಹಿಡಿದ ಒಂದು ಚಾಸಿ, ಬರೀ ಅಡಿಯ ಕಬ್ಬಿಣದ ಚೌಕಟ್ಟು, ಕೊಂಡ. ಮದ್ರಾಸಿನ ಕಡೆ ರೇಸು ಗೆದ್ದ ಕಾರಿನ ಚಾಸಿಯಂತೆ. ಟ್ರಂಕು ಮಾಡುವವನ ಕೈಲಿ ತಗಡು ಬಡಿಸಿ ಮೈ ಮಾಡಿಸಿದ. ಜೀಪಿನ ಇಂಜಿನ್ ಕೂಡಿಸಿದ. ಕೆಂಪು ಬಣ್ಣ ಹೊಡೆಸಿದ. ಇಬ್ಬರು ಕೂರುವ ಸೀಟಿಗೆ ಯೂನಿಟ್ಟಿನ ಜೀನ್ಸ್ ಬಟ್ಟೆ. ಹೊಲಿದು ಕೊಟ್ಟವಳು ನಾನೇ. ಅಲ್ಲಿಂದ ಶುರುವಾಯಿತು ನೋಡ್ರಿ. "ಅದೇ ಅಸಲಿ ಗಾಡಿ. ನಂದು." ಮದುವೆ ಮನೆಯಲ್ಲೂ ನಂದು, ಸಾವಿನ ಮನೆಯಲ್ಲೂ ನಂದು.

ಮಡಕಶಿರದ ಸೂರಪ್ಪ, ರೇಷ್ಮೆಗೂಡಿನ ವ್ಯಾಪಾರಿ, ಇವನಿಗೇನು ಕಡಿಮೆಯಾ? ಅದೇ ಕಾರಿನ ಹಳೇ ಇಂಜಿನ್ ಅವನ ಹತ್ತಿರ ಇತ್ತು. ಅದರ ಸುತ್ತ ಇನ್ನೊಂದು ಕೆಂಪು ಕಾರು ಕಟ್ಟಿಸಿಬಿಟ್ಟ.

"ಇಂಜಿನ್ ಇರೋದೇ ಗಾಡಿ. ಅವನ್ದು ಬರೀ ತಗಡು ಕಣ್ರಿ" ಅಂತ ಸೂರಪ್ಪ.

"ಚಾಸಿ ಇದ್ರ ಗಾಡಿ. ಅವಂದು ನೀರೆತ್ತೋ ಪಂಪು" ಅಂತ ಗಾದಿಲಿಂಗಪ್ಪ.

ಸತ್ತವನ ಅಂಗಿಯ ತೋಳು ಒಬ್ಬ, ಕಾಲರ್ ಒಬ್ಬ ಹಿಡಕೊಂಡು ಅಂಗಿ ನಂದು ಅಂತ ಕಿತ್ತಾಡಿದ ಹಾಗೆ. ನಾಚಿಕೆಗೆಟ್ಟವರು.

ನಿಜಕ್ಕೂ ಅದು ಯಾರದು? ರೊಳ್ಳದ ಕಡೆಯ ಲಕ್ಷ್ಮೀನರಸಪ್ಪಂದು. ಪಾಪ, ಬೆಂಗಳೂರಿನ ಒಬ್ಬ ಧಣಿಯ ಹತ್ತಿರ ಆ ಗಾಡಿ ಓಡಿಸುತ್ತಿದ್ದ. ಗೆದ್ದವನು ಇವನು, ಹಾರ ಧಣಿಯ ಕೊರಳಿಗೆ. ದಾರಿಯಲ್ಲಿ ಯಾರಾದರೂ "ಗಾಡಿ ಯಾರ್ದಪ್ಪಾ?" ಅಂದರೆ ಕೈಮುಗಿದು "ಧಣಿಗಳ್ದು" ಅನ್ನುತ್ತಿದ್ದ. ಒಂದು ಸಲ ಗುದ್ದಿ ಗಾಡಿ ನುಜ್ಜುಗುಜ್ಜಾಯಿತು. ಆಗ ಧಣಿಗೆ ಔದಾರ್ಯ ಉಕ್ಕಿತು, ನೀನೇ ಇಟ್ಟುಕೋ ಅಂದ. ಊರಿಗೆ ತಂದು, ಇಂಜಿನ್ ಬಿಚ್ಚಿ, ನೀರೆತ್ತೋಕೆ ಹಿಪ್ಪುನೇರಳೆ ತೋಟದ ಬಾವಿಗೆ ಕೂಡಿಸಿದ. ಅದರ ರಿಪೇರಿಗೆ ಇಳಿದವನು ಕಾಲು ಜಾರಿ ಅದೇ ಬಾವಿಯಲ್ಲಿ ಹೋದ. ಹೆಂಡತಿ ಬಾವಿಯ ಪಕ್ಕ ಸಮಾಧಿ ಕಟ್ಟಿಸಿದಳು. ಹೆಸರು ಕೆತ್ತಿದ ಕಲ್ಲಿನ ಬದಲು, ಗಾಡಿಯ ನಂಬರಿದ್ದ ಹಿತ್ತಾಳೆ ಪಟ್ಟಿಯನ್ನೇ ಸಿಮೆಂಟಿನಲ್ಲಿ ಕೂರಿಸಿದಳು. ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟುಹೋದಳು. ಚಾಸಿ ಗುಜರಿಗೆ, ತೋಟ ಇಂಜಿನ್ ಸಮೇತ ಸೂರಪ್ಪನಿಗೆ. ಬಾವಿ ಬತ್ತಿತು.

ಬೆಂಗಳೂರಿನಿಂದ ಹಳೇ ಕಾರುಗಳ ಸಂಘದವರು ಭಾನುವಾರ ಬಂದು ತೀರ್ಮಾನ ಹೇಳ್ತೀವಿ ಅಂದರು. ಹಿತ್ತಾಳೆ ಪಟ್ಟಿ ಯಾವ ಗಾಡಿ ಮೇಲಿದೆಯೋ ಅದೇ ಅಸಲಿಯಂತೆ. ಗಾದಿಲಿಂಗಪ್ಪ ನಕ್ಕುಬಿಟ್ಟ.

"ಲೇಬಲ್ ತಾನಾ? ತಂದು ಹಚ್ಚಿದ್ರ ಆತು."

ಸೂರಪ್ಪನಂಥ ಸೂರಪ್ಪನೂ ಆ ಸಮಾಧಿಗೆ ಕೈ ಹಾಕಿರಲಿಲ್ಲ. ಇವನು ಹಾಕಿದ.

ಉಳಿ ಇಟ್ಟು ಹೊಡೆದ... ಠಣ್... ಠಣ್... ಆಗ ಬಾವಿಯೊಳಗಿಂದ ಸದ್ದು. ತೊಟಕ್... ತೊಟಕ್...

"ಧಣೀ," ಅಂತ ಉಮಾಮಹೇಶ್ವರ ಪಿಸುಗುಟ್ಟಿದ. "ಬಾವ್ಯಾಗ ನೀರಿಲ್ಲಲ್ರಿ... ಸದ್ದು ಎಲ್ಲಿಂದ?"

"ಬ್ಯಾಟರಿ ನೆಟ್ಟಗ ಹಿಡಿಯಲೇ."

ಪಟ್ಟಿ ಕಿರ್ರ್... ಅಂತ ಎದ್ದು ಬಂತು. ಅದೇ ಗಳಿಗೆಗೆ ಬೆನ್ನ ಹಿಂದೆ, ಬಹಳ ಹತ್ತಿರ, ಸುಸ್ತಾದವರ ದನಿ.

"ಗಾಡಿ ಯಾರ್ದಪ್ಪಾ?"

ರಾತ್ರಿ ಒಂದೇ ಸಲ ಕರೆದರೆ ಓ ಅನ್ನಬಾರದು. ಮನುಷ್ಯರಾದರೆ ಮತ್ತೆ ಕರೀತಾರೆ, ಮೂರನೇ ಸಲಕ್ಕೆ ಓ ಅನ್ನು ಅಂತ ನಮ್ಮ ಮಕ್ಕಳಿಗೂ ಕಲಿಸಿರ್ತೀವಿ. ಉಮಾಮಹೇಶ್ವರ ಟವೆಲ್ಲು ಬಾಯಿಗೆ ತುರುಕಿಕೊಂಡು ಕಾದ. ಎರಡನೇ ಸಲ ಕರೆಯಲಿ... ಕರೆಯಲಿಲ್ಲ. ಗಾದಿಲಿಂಗಪ್ಪನ ಕೈ ಹಿಡಿದು ಬೇಡ, ಬೇಡ ಅಂತ ಅದುಮಿದ. ಆ ಪದ್ಧತಿ ಗಾದಿಲಿಂಗಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ. ಆದರೆ ಆ ಪ್ರಶ್ನೆಗೆ ಅವನ ಬಾಯಿ ಸುಮ್ಮನೆ ಇದ್ದೀತಾ?

"ನಂದು!" ಅಂದ. "ರಾಯದುರ್ಗದ ಗಾದಿಲಿಂಗಪ್ಪಂದು!"

ತೊಟಕ್ಕು ನಿಂತಿತು. ಆಮೇಲೆ ಅದೇ ದನಿ, ಬಹಳ ವಿನಯದಿಂದ.

"ಹಂಗಾರೆ ಕೂತ್ಕಳಿ ಧಣೀ. ನಾನು ಓಡಿಸ್ತೀನಿ."

ಅಷ್ಟೇ. ಇಬ್ಬರೂ ಪಟ್ಟಿ ಸಮೇತ ಓಡಿ ಬಂದರು. ಬೆಳಗಾಗುವಷ್ಟರಲ್ಲಿ ಗಾದಿಲಿಂಗಪ್ಪನ ಹೆದರಿಕೆ ಇಳಿದು ಮೀಸೆ ಮತ್ತೆ ಎದ್ದಿತು. ಪಟ್ಟಿ ಹಚ್ಚಿಸಿದ, ಪೆಂಡಾಲ್ ಹಾಕಿಸಿದ.

ಭಾನುವಾರ ಸಂಘದವರು ಬಂದರು. ಗಾಡಿಯ ಸುತ್ತ ತಿರುಗಿ, ಪಟ್ಟಿ ನೋಡಿ, ತಲೆ ಆಡಿಸಿದರು. ಎಲ್ಲ ಸರಿಯಿದೆ, ಮಾಲೀಕರು ಯಾರು ಅಂತ ಬಾಯಿಬಿಟ್ಟು ಹೇಳಿದರೆ ಸಾಕು ಅಂದರು.

"ಗಾಡಿ ಯಾರದು?"

ಊರೆಲ್ಲ ನೋಡ್ತಾ ಇತ್ತು. ನಾನೂ ಇದ್ದೆ. ಗಾದಿಲಿಂಗಪ್ಪ ಎದೆ ಉಬ್ಬಿಸಿ ಬಾಯಿ ತೆರೆದ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಆಮೇಲೆ ಹೆಗಲ ಮೇಲಿನ ಶಲ್ಯ ತಾನೇ ಇಳಿಯಿತು, ಎರಡು ಕೈ ಮುಗಿದವು.

"ಧಣಿಗಳ್ದು" ಅಂದ.

ನಮ್ಮ ರಾಯದುರ್ಗದ ರಾಗ ಅಲ್ಲ. ರೊಳ್ಳದ ಕಡೆಯದು.

ಯಾವ ಧಣಿ ಅಂದರು. ಆ ರೇಷ್ಮೆ ಶಲ್ಯದಿಂದಲೇ ಬಾನೆಟ್ಟು ಒರೆಸೋಕೆ ನಿಂತ. ಮಾಲೀಕರು ಊರಲ್ಲಿಲ್ಲ ಅಂತ ಕಾಣುತ್ತೆ ಅಂದು ಸಂಘದವರು ಹೊರಟುಹೋದರು. ಅವತ್ತಿನಿಂದ ಹಾಗೆಯೇ. ಮನೆ ಯಾರದು? ಧಣಿಗಳ್ದು. ಯೂನಿಟ್ ಯಾರದು? ಧಣಿಗಳ್ದು. ಹೆಂಡತಿ ಮೊಮ್ಮಗನನ್ನು ತೊಡೆ ಮೇಲೆ ಹಾಕಿ, "ಈ ಕೂಸು ಯಾರ್ದು, ಹೇಳ್ರಿ" ಅಂತ ಅತ್ತಳು. ಅದಕ್ಕೂ ಕೈಮುಗಿದು ಅದನ್ನೇ ಅಂದ. ಅವನ ಮೇಲೆ ನನಗೆ ಕನಿಕರ ಇಲ್ಲ. ಆ ಹೆಂಗಸಿನ ಮೇಲೆ ಇದೆ.

ನಮ್ಮ ಉಮಾಮಹೇಶ್ವರ ಹಗಲಲ್ಲಿ ಹೋಗಿ ಪಟ್ಟಿಯನ್ನು ಸಮಾಧಿಯ ಮೇಲಿಟ್ಟು ಬಂದ. ಏನೂ ಬದಲಾಗಲಿಲ್ಲ. ಸೂರಪ್ಪ? ಆ ಹುಲಿ ತನ್ನ ಕಾರಿಗೆ ಟಾರ್ಪಲ್ ಹೊದಿಸಿದ್ದಾನೆ. ಯಾರದು ಅಂದರೆ ಪಕ್ಕದ ಮನೆಯವರದು ಅಂತಾನಂತೆ.

ಯೂನಿಟ್ ಮುಚ್ಚಿದಾಗ ಆ ಸೀಟಿನ ಬಟ್ಟೆ ಬಿಚ್ಚಿ ತಂದವಳು ನಾನು. ಒಳ್ಳೇ ಬಟ್ಟೆ, ಯಾಕ ಬಿಡ್ಲಿ? ಡ್ರೈವರ್ ಕೂರುವ ಕಡೆ ಮಾತ್ರ ಒದ್ದೆ ಇತ್ತು. ಜೀನ್ಸ್ ಒಣಗೋದು ತಡ, ನಮಗೆ ಗೊತ್ತಿಲ್ಲವಾ? ಆದರೆ ರಾಯದುರ್ಗದ ಬಿಸಿಲಿನಲ್ಲಿ, ಕಾದ ಬಂಡೆ ಮೇಲೆ ಹಾಕಿದರೂ ಒಣಗಲಿಲ್ಲ. ಹಿಂಡಿದರೆ ನೀರು, ನೀರಿನಲ್ಲಿ ಹಸಿರು ಪಾಚಿ.

ನಾನ್ಯಾಕ ಸುಳ್ಳು ಹೇಳ್ಲಿ? ಆ ತೊಟಕ್ ಅದರದೇ. ಗೋಡೆ ಹಿಂದೆ ತಂತಿ ಮೇಲೆ ಹಾಕೀನಿ, ಹೋಗಿ ಮುಟ್ಟಿ ನೋಡ್ರಿ. ಅದರ ಕೆಳಗಿನ ಬಕೆಟ್ಟು ಇವತ್ತು ಬೆಳಿಗ್ಗೆ ತಾನೇ ಖಾಲಿ ಮಾಡಿದ್ದೆ.