ಎಡಗಡೆ ಸೀಟು

ಇಲ್ಲ ಕಣ್ರಿ, ನಾ ಬಸ್ಸಿಗೇ ಬರ್ತೀನಿ. ಗುರುಬಸವರಾಜನ ಕಾರು ಐತಲ್ಲ ಅಂತ ನೀವು ಎಷ್ಟು ಸಲ ಕೇಳಿದ್ರೂ ಅಷ್ಟೇ. ಕಾರು ಚೆನ್ನಾಗೇ ಐತೆ. ಅವನೂ ಚೆನ್ನಾಗೇ ಓಡಿಸ್ತಾನೆ. ಆದ್ರೆ ಅದ್ರಾಗೆ ಸೀಟು ಇರೋದೇ ಎರಡು... ಎರಡೂ ಖಾಲಿ ಇಲ್ಲ.

ನಗಬ್ಯಾಡ್ರಿ. ಹೇಳ್ತೀನಿ, ಕೇಳ್ರಿ.

ಗುರು ನನ್ನ ಚಿಕ್ಕಪ್ಪನ ಮಗ. ಹೊನ್ನಾಳ್ಯಾಗೇ ಪಂಪ್‌ಸೆಟ್ಟಿನ ಅಂಗಡಿ. ವಯಸ್ಸು ನಲವತ್ತು ದಾಟೈತೆ, ಮದುವೆ ಆಗಿಲ್ಲ. ಒಬ್ಬನೇ ಅಡಿಗೆ ಮಾಡ್ಕಂತಾನೆ, ಟಿವಿ ಹಾಕ್ಕಂಡು ಅದರ ಜೊತೆ ಮಾತಾಡ್ತಾನೆ. ವಾರ್ತೆ ಓದೋ ಹುಡುಗಿ "ನಮಸ್ಕಾರ" ಅಂದ್ರೆ ಇವನೂ "ನಮಸ್ಕಾರ್ರೀ, ಊಟ ಆತಾ" ಅಂತಾನೆ.

ಇಂಥೋನು ಹೋದ ವರ್ಷ ಒಂದು ಹಳೇ ಸ್ಪೋರ್ಟ್ಸ್ ಕಾರು ತಂದ. ಕೆಂಪಂದು. ನೆಲಕ್ಕೆ ಅಂಟ್ಕಂಡಂಗೆ ಇತ್ತು. ಒಳಗೆ ಹೋಗ್ಬೇಕಾದ್ರೆ ಹತ್ತಂಗಿಲ್ಲ, ಇಳೀಬೇಕು. ಹೊರಗೆ ಬರ್ಬೇಕಾದ್ರೆ ಯಾರಾದ್ರೂ ಕೈ ಕೊಟ್ಟು ಎತ್ತಬೇಕು. "ಅಣ್ಣ, ಪಕ್ಕದಾಗೆ ಒಬ್ರು ಕೂತ್ರೆ ಸಾಕು ನಂಗೆ" ಅಂದ. ಅವನ ಆಸೆ ಅಷ್ಟೇ.

ಕೂತೋರು ಎರಡನೇ ಸಲ ಕೂರಲಿಲ್ಲ. ಅದರ ಸ್ಪ್ರಿಂಗು ಅಷ್ಟು ಬಿರುಸು. ನಮ್ಮ ರಸ್ತೆ ನಿಮಗೆ ಗೊತ್ತು. ಗುಂಡಿ ಬಂದ್ರೆ "ಧಡ್". ಹಂಪು ಬಂದ್ರೆ ಬುಡ "ಕರ್ರ್..." ಅಂತ ಕೆರೀತಿತ್ತು. ನನ್ನ ಹೆಂಡ್ತಿ ಶಿವಗಂಗಮ್ಮ ಒಂದು ಸಲ ಅದ್ರಾಗೆ ನ್ಯಾಮತಿಗೆ ಹೋಗಿ, ವಾಪಸ್ಸು ಗೊಬ್ಬರದ ಟ್ರ್ಯಾಕ್ಟರ್ ಹತ್ಕಂಡು ಬಂದ್ಲು. ಬಿಳಿಚೋಡಿಗೆ ಹೆಣ್ಣು ನೋಡಾಕೆ ಹೋದಾಗ ಇವನು ಹುಡುಗಿ ಅಪ್ಪನ್ನ ಕೂರಿಸ್ಕಂಡು ಊರು ಒಂದು ಸುತ್ತು ಹಾಕಿಸಿದ. ಆ ಯಜಮಾನ್ರು ಇಳಿದು, ಸೊಂಟ ಹಿಡ್ಕಂಡು, "ಹುಡುಗ ಒಳ್ಳೇನು. ಆದ್ರೆ ನನ್ನ ಮಗಳಿಗೆ ಇರೋದು ಒಂದೇ ಬೆನ್ನು ಕಣಪ್ಪ" ಅಂದ್ರಂತೆ. ಸಂಬಂಧ ಅಲ್ಲಿಗೇ ಮುರೀತು.

ಆಮೇಲೇ ಅವನು ಕಾರು ತಗಂಡು ನ್ಯಾಮತಿ ಸಾದಿಕ್‌ನ ಗ್ಯಾರೇಜಿಗೆ ಹೋದದ್ದು. "ಪಕ್ಕದಾಗೆ ಕೂತೋರಿಗೆ ನಿದ್ದೆ ಬರಬೇಕು ಸಾದಿಕ್. ಹಂಗೆ ಮಾಡ್ಕೊಡು" ಅಂದ. ಸಾದಿಕ್ ಹಳೇ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ರಬ್ಬರ್ ಬುಷ್ಷು ಎಲ್ಲಾ ಕಿತ್ತಾಕಿ ಹೊಸವು ಹಾಕಿದ. ಕಾರನ್ನ ಮೂರು ಬೆರಳು ಮೇಲಕ್ಕೆ ಎಬ್ಬಿಸಿದ. ಕಡೇಗೆ ಒಂದು ಮಾತು ಹೇಳಿದ.

"ಗುರಣ್ಣ, ಹೊಸ ಸ್ಪ್ರಿಂಗು. ಎರಡೂ ಕಡೆ ತೂಕ ಬಿದ್ದು ಸೆಟ್ ಆಗ್ಬೇಕು. ನೀವೊಬ್ರೇ ಓಡಿಸಿದ್ರೆ ಬಲಗಡೆ ಕುಸೀತೈತೆ. ಒಂದು ವಾರ ಪಕ್ಕದಾಗೆ ಯಾರನ್ನಾದ್ರೂ ಕೂರಿಸ್ಕಳ್ರಿ. ಯಾರೂ ಸಿಗಲಿಲ್ಲ ಅಂದ್ರೆ ಒಂದು ಮೆಕ್ಕೆಜೋಳದ ಚೀಲ ಇಡ್ರಿ."

"ಆ ಸೀಟಿಗೆ ಚೀಲ ಇಡಲ್ಲ ಸಾದಿಕ್. ಮನುಷ್ಯರೇ ಕೂರಬೇಕು."

ಯಾರು ಕೂರ್ತಾರೆ? ನನ್ನ ಕರೆದ. ನಂಗೆ ಅವತ್ತೇ ಹಲ್ಲುನೋವು ಬಂತು.

ಅವತ್ತು ರಾತ್ರಿ ಸಂತೇಬೆನ್ನೂರಿಂದ ಒಬ್ಬನೇ ಬರ್ತಿದ್ದ. ಚನ್ನಗಿರಿ ಇನ್ನೂ ದೂರ ಇತ್ತು. ರಸ್ತೆ ಪಕ್ಕ ಒಂದು ಆಲದ ಮರ, ಅದರ ಬುಡದಾಗೆ ಹಾಳು ಬಾವಿ. ಕಾರು ಬಲಕ್ಕೆ ವಾಲಿ "ಕಿಟಿಕ್... ಕಿಟಿಕ್" ಅನ್ನಾಕೆ ಶುರು ಮಾಡ್ತು. ನಿಲ್ಲಿಸಿ ಇಳಿದ. ಬಾವಿ ಕಟ್ಟೆಯಿಂದ ಕಳಚಿ ಬಿದ್ದ ಕಲ್ಲೊಂದು ಕಾಣ್ತು. ಯಾರೋ ಕೂತು ಕೂತು ಸವೆದಂಗೆ ನುಣ್ಣಗಿತ್ತು. ಸೀಟಿಗೆ ಟವಲ್ ಹಾಸಿ, ಕಲ್ಲು ಹೊತ್ತು ತಂದು ಅದರ ಮೇಲೆ ಇಟ್ಟ. ಕಾರು "ಟಿಂಗ್... ಟಿಂಗ್..." ಅಂತು. ಸೀಟಿನ ಮೇಲೆ ಭಾರ ಬಿದ್ದು ಬೆಲ್ಟ್ ಹಾಕದಿದ್ರೆ ಅದು ಹಂಗೆ ತಕರಾರು ತೆಗೀತೈತೆ. ಕಲ್ಲಿಗೇ ಬೆಲ್ಟ್ ಹಾಕಿದ. ಸುಮ್ಮನಾತು.

ಒಂದು ವಾರ ಆ ಕಲ್ಲು ಕೂರಿಸ್ಕಂಡು ಊರೂರು ತಿರುಗಿದ. "ಗುರು ಮನೆಯೋರು ಭಾಳ ಗಟ್ಟಿ, ಎಂಥ ಗುಂಡಿಗೂ ಅಲ್ಲಾಡಲ್ಲ" ಅಂತ ಹೋಟ್ಲಾಗೆಲ್ಲ ಮಾತು. ಇವನೂ ನಗ್ತಿದ್ದ. ಏನು ಮಾಡ್ತಾನೆ ಪಾಪ.

ವಾರ ಆದಮೇಲೆ ಸಾದಿಕ್ ನೋಡಿ, "ಸೆಟ್ ಆಗೈತೆ, ತೆಗೀರಿ ಕಲ್ಲು" ಅಂದ. ಆಮೇಲೆ ಬಗ್ಗಿ ನೋಡಿ, "ಎಲ್ಲೀದ್ರೀ ಇದು?" ಅಂದ. ಬಾವೀದು ಅಂತ ಗೊತ್ತಾಗಿದ್ದೇ ಅವನ ಮುಖ ಸಣ್ಣದಾತು. "ಬಾವಿ ಕಲ್ಲು ಗಾಡ್ಯಾಗೆ ಇಟ್ಕಂತಾರೇನ್ರಿ ಯಾರಾದ್ರೂ? ತಂದಲ್ಲೇ ಇಟ್ಟು ಬರ್ರಿ. ಹಗಲೊತ್ತು ಹೋಗ್ರಿ."

ಇವನು ಅಂಗಡಿ ಬಾಗಿಲು ಹಾಕಿ ಹೋದ. ರಾತ್ರೀನೇ ಆತು.

ಕಲ್ಲು ಇಳಿಸಿದ. ಕಟ್ಟೆ ಪಕ್ಕ ಇಟ್ಟ. ವಾಪಸ್ಸು ಬಂದು ಕೂತು ಕೀ ತಿರುಗಿಸಿದ.

ಟಿಂಗ್... ಟಿಂಗ್...

ಪಕ್ಕದ ಸೀಟು ಖಾಲಿ. ಟವಲ್ ಒಂದೇ ಐತೆ. ಇಳಿದು ನೋಡಿದ, ಕಾರು ಎಡಕ್ಕೆ ಕುಸಿದೈತೆ. ಗಾಳಿ ಇಲ್ಲ. ಒಂದು ಎಲೆ ಅಲ್ಲಾಡ್ತಿಲ್ಲ. ಬಾವ್ಯಾಗೆ "ಗುಳುಕ್" ಅಂತ ಒಂದೇ ಒಂದು ಸದ್ದು... ಆ ಬಾವ್ಯಾಗೆ ನೀರಿಲ್ಲ ಕಣ್ರಿ.

ನೀವಾಗಿದ್ರೆ ಓಡಿಹೋಗ್ತಿದ್ರಿ. ನಾನಾಗಿದ್ರೆ ಓಡಾಕೂ ಆಗ್ತಿರಲಿಲ್ಲ. ಇವನು ಸುಮ್ಮನೆ ಬೆಲ್ಟ್ ಎಳೆದು ಆ ಖಾಲಿ ಸೀಟಿಗೆ ಹಾಕಿದ. "ಟಕ್." ಟಿಂಗ್ ನಿಂತಿತು. ಹೊರಟ. ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡಿದ. ಚನ್ನಗಿರಿ ದಾಟಿದ ಮೇಲೆ ಮೆಲ್ಲಗೆ ಕೇಳಿದ್ನಂತೆ.

"ಬೆನ್ನು ನೋಯ್ತೈತಾ?"

ಇನ್ನೊಂದು ಗುಂಡಿ ಮೆಲ್ಲಗೆ ದಾಟಿಸಿದ. ಆಮೇಲೆ ಪಕ್ಕದಿಂದ... ಹೆಣ್ಣು ದನಿ...

"ಇಲ್ಲ."

ಅಷ್ಟೇ. ಹೊನ್ನಾಳಿ ತನಕ ಇವನೇ ಮಾತಾಡಿದ. ಪಂಪ್‌ಸೆಟ್ಟಿಂದು, ಬಿಳಿಚೋಡಿಂದು, ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿ ಆದದ್ದು. ಊರ ಮುಂದೆ ಹಂಪಿನ ಹತ್ರ ನಿಧಾನ ಮಾಡಿದ್ದೇ ಬೆಲ್ಟ್ ತಾನಾಗೇ ಬಿಚ್ಕಂತು. ಬಾಗಿಲು ತೆರಕಂತು. ಎಡಗಡೆ ಸ್ಪ್ರಿಂಗು "ಉಸ್ಸ್..." ಅಂತ ಮೇಲೆದ್ದಿತು.

ಬೆಳಿಗ್ಗೆ ಬಂದು ನಂಗೊಬ್ಬನಿಗೇ ಇದೆಲ್ಲ ಹೇಳಿದ. ಕಣ್ಣು ಕೆಂಪಗಿದ್ವು. ಹೆದರಿಕೆಗೆ ಅಂದ್ಕಂಡೆ.

"ಅದಲ್ಲಣ್ಣ... ಅವರು ಇಳಿಯೋವಾಗ ನಾನು ಏನೂ ಅನ್ನಲಿಲ್ಲ. ಮತ್ತೆ ಬರ್ರಿ ಅಂತಾದ್ರೂ ಅನ್ನಬೇಕಿತ್ತು."

"ನಿದ್ದೆಗೆಟ್ಟು ಹಿಂಗಾಗಿದೀಯ. ಇವತ್ತು ರಾತ್ರಿ ನಾನೂ ಬರ್ತೀನಿ, ನಡಿ. ಏನೂ ಇಲ್ಲ ಅಂತ ತೋರಿಸ್ತೀನಿ."

ಹಲ್ಲುನೋವು ಹೋಗಿತ್ತು.

ಹೋದ್ವಿ. ಸುಳ್ಳು ಹೇಳಬಾರ್ದು, ಕಾರು ಬೆಣ್ಣೆ ಆಗಿತ್ತು. ನಂಗೇ ತೂಕಡಿಕೆ ಬಂತು. ಎಚ್ಚರಾದಾಗ ಆಲದ ಮರದ ಹತ್ರ ನಿಲ್ಲಿಸಿ ಇಂಜಿನ್ ಆರಿಸಿದ್ದ. ಜೀರುಂಡೆ ಕೂಗ್ತಿದ್ವು. ಒಂದೇ ಸಲ... ಎಲ್ಲಾ ನಿಂತ್ವು.

ನನ್ನ ಕಡೆ ಗಾಜಿಗೆ ಹೊರಗಿನಿಂದ "ಟುಕ್... ಟುಕ್."

ಬೆರಳ ಗೆಣ್ಣಿನ ಸದ್ದು. ಸೀಟು ರಿಸರ್ವ್ ಮಾಡಿಸಿದೋರು ಬಂದು ಬಸ್ಸಿನಾಗೆ ಎಬ್ಬಿಸ್ತಾರಲ್ಲ, ಹಂಗೆ, ಮರ್ಯಾದೆಯಾಗೇ. ಹೊರಗೆ ಯಾರೂ ಇಲ್ಲ.

"ಅಣ್ಣ..." ಅಂದ ಗುರು, ಪಿಸುಮಾತಿನಾಗೆ.

"ಏನೋ?"

"ಇಳಿ."

"ಇಲ್ಲೇನೋ? ಈ ಕತ್ತಲಾಗಾ?"

"ಇರೋದು ಎರಡೇ ಸೀಟು. ಬೇಜಾರು ಮಾಡ್ಕಬ್ಯಾಡಣ್ಣ. ನಿಂಗೆ ಮನ್ಯಾಗೆ ಅತ್ತಿಗೆ ಅದಾರೆ."

ಇಳಿದೆ. ಬಾಗಿಲು ನಾನು ಹಾಕಲಿಲ್ಲ. ಅದೇ ಹಾಕ್ಕಂತು. ಒಳಗೆ ಟಿಂಗ್ ಅಂತು, ಟಕ್ ಅಂತು, ಕಾರು ಎಡಕ್ಕೆ ಕುಸೀತು. ಹಿಂದಿನ ಕೆಂಪು ದೀಪ ಎರಡೂ ಆ ಗುಂಡಿಗಳ ಮೇಲೆ ತೇಲ್ಕಂಡು ಹೋದ್ವು. ಒಂದು ಸಲಾನೂ ಎಗರಲಿಲ್ಲ. ಸಾದಿಕ್ ಕೆಲಸ ಅಂದ್ರೆ ಕೆಲಸ.

ನಾನು ನಡೆದೆ. ಬಾವಿ ಕಡೆ ನೋಡಲಿಲ್ಲ. ಚಪ್ಪಲಿ ಸದ್ದು ನಂದೇನಾ ಅಂತ ಎರಡು ಸಲ ನಿಂತು ಕೇಳಿಸ್ಕಂಡೆ... ನಂದೇ. ಮೊದಲು ಭಯ ಇತ್ತು. ಆಮೇಲೆ ಅದೂ ಹೋತು. ಮಾತಾಡಾಕೆ ಒಂದು ನರಪಿಳ್ಳೆ ಇಲ್ಲ. ನಮ್ಮ ಗುರು ದಿನಾ ರಾತ್ರಿ ಅಂಗಡಿ ಮುಚ್ಚಿ ಮನೆ ಅಂತ ಹೋಗೋದು ಇಂಥ ಕಡೇಗೇ ಅಲ್ವಾ ಅನ್ನಿಸ್ತು. ಕಡೇಗೊಂದು ಇಟ್ಟಿಗೆ ಲಾರಿ ಸಿಕ್ತು. ಇಟ್ಟಿಗೆ ಮೇಲೆ ಕೂತು ಬಂದೆ. ಅದಕ್ಕೆ ಸ್ಪ್ರಿಂಗು ಇತ್ತೋ ಇಲ್ವೋ, ನಂಗಂತೂ ಗೊತ್ತಾಗಲಿಲ್ಲ.

ನಡೆದದ್ದು ನಡೆದಂಗೆ ಹೇಳ್ತಿದೀನಿ. ಕಟ್ಟಿ ಹೇಳೋನಾಗಿದ್ರೆ ಇಳಿದೆ ಅಂತಿದ್ನೇನ್ರಿ? ಕೂತೇ ಇದ್ದೆ, ಎದುರು ಮಾತಾಡಿದೆ ಅಂತಿದ್ದೆ.

ಮನೆಗೆ ಬಂದಾಗ ಶಿವಗಂಗಮ್ಮ ಬಾಗಿಲಾಗೇ ನಿಂತಿದ್ಲು. ಸಿಟ್ಟಾಗಿದ್ಲು.

"ಎಲ್ಲಿ ಹೋಗಿದ್ರಿ ನೀವು? ಗುರು ಬಂದು ಹೋಗಿ ಎಷ್ಟೊತ್ತಾತು. ಅವನಿಗೆ ಹೆಣ್ಣು ಗೊತ್ತಾಗೈತೆ ಅಂತ ಮನ್ಯಾಗೆ ಒಂದು ಮಾತು ಹೇಳಾಕೆ ಆಗ್ಲಿಲ್ಲೇನು? ಒಳಗೆ ಬಾರಮ್ಮ ಅಂತ ಎಷ್ಟು ಕರೆದ್ರೂ ಆಕಿ ಇಳೀಲಿಲ್ಲ. ಕೂತಲ್ಲೇ ನೀರು ಕೇಳಿದ್ಲು, ಕೊಟ್ಟೆ. ನನ್ನ ತವರುಮನೆ ಚೊಂಬು ಹಂಗೇ ತಗಂಡು ಹೋಗ್ಯಾಳೆ. ಬೆಳಿಗ್ಗೆ ಎದ್ದು ಇಸ್ಕಂಡು ಬರ್ರಿ."