ಮೊದಲ ಸಾಲಿನಲ್ಲಿ ಅಣ್ಣನ ಅಂಗಡಿ

...ಅಯ್ಯೋ, ಬರೀ ದುಡ್ಡು ಸುರಿದ್ರೆ ಜಾಹೀರಾತು ಮೇಲೆ ಬರಲ್ಲ ಕಣೋ ಅಣ್ಣ! ಎಷ್ಟು ಸಲ ಹೇಳ್ಲಿ? ಯಾಕೆ ನಗ್ತೀಯಾ? ನಿನ್ನ ತಂಗಿ ದಿನವಿಡೀ ಆಫೀಸಲ್ಲಿ ಕೂತು ಮಾಡೋದು ಇದೇ ಕೆಲಸ, ಕಂಡೋರ ಅಂಗಡಿನೆಲ್ಲ ಫೋನಲ್ಲಿ ಮೇಲಕ್ಕೆ ಎತ್ತೋದು. ಒಂದ್ಸಲ ಆದ್ರೂ ನಂಬು.

ತಾಳು, ದಿಂಬು ಜಾರಿದೆ. ಹಾಂ... ಈಗ ಕೇಳು. ಯಾರೋ 'ಹೊಲಿಗೆ ಮಿಷನ್ ರಿಪೇರಿ' ಅಂತ ಫೋನಲ್ಲಿ ಹುಡುಕ್ತಾರೆ ಅಂದ್ಕೋ. ಕಣ್ಣು ಮಿಟುಕಿಸೋದ್ರೊಳಗೆ ಅಲ್ಲೊಂದು ಹರಾಜು ನಡೆದು ಮುಗಿದೇ ಹೋಗಿರುತ್ತೆ. ಹೂಂ, ಹರಾಜೇ! ನನ್ನ ಜಾಹೀರಾತು ಒತ್ತಿದ್ರೆ ಇಷ್ಟು ಕೊಡ್ತೀನಿ ಅಂತ ಒಬ್ಬ, ಅವನಿಗಿಂತ ಜಾಸ್ತಿ ಇನ್ನೊಬ್ಬ. ಆದ್ರೆ ಜಾಸ್ತಿ ಕೂಗಿದವನಿಗೇ ಜಾಗ ಅಂತಿಲ್ಲ. ಗಿರಾಕಿ ಕೇಳಿದ್ದೇನು, ನಾವು ಬರೆದಿದ್ದೇನು, ಎರಡೂ ಹೊಂದುತ್ತಾ? ನೋಡಿದೋರು ಒತ್ತುತ್ತಾರಾ, ಒತ್ತದೇ ಕೆಳಗೆ ಜಾರಿಸ್ತಾರಾ? ಒತ್ತಿದ್ಮೇಲೆ ಒಳಗೆ ಕೆಲಸಕ್ಕೆ ಬರೋದು ಏನಾದ್ರೂ ಇದೆಯಾ? ಆ ಹುಡುಕಿ ಕೊಡೋ ಕಂಪನಿಯೋರು ಎಲ್ಲಾ ತೂಗಿ ನೋಡ್ತಾರೆ. ಫ್ರಿಜ್ಜು, ಮಿಕ್ಸಿ, ಮಿಷನ್, ಎಲ್ಲಾ ರಿಪೇರಿ ಅಂತ ಬಾಯಿಗೆ ಬಂದಿದ್ದು ಬರ್ಕೊಂಡೋನು ಎಷ್ಟು ಕೂಗಿದ್ರೂ ಕೆಳಗೇ. ನಿಂದು ಹಾಗಲ್ವಲ್ಲ! 'ದಾರ ಕಡೀತಿದೆಯಾ? ಸೂಜಿ ಮುರೀತಿದೆಯಾ? ನಿಮ್ಮೆದುರಿಗೇ ಬಿಚ್ಚಿ ಸರಿ ಮಾಡ್ತೀವಿ.' ನಾನೇ ಬರೆದಿದ್ದು. ಅದಕ್ಕೇ ಮೊದಲನೇ ಸಾಲು.

ಏನದು? ಓ... ಹೆಸರ ಮೇಲೆ ಚಿಕ್ಕದಾಗಿ 'ಜಾಹೀರಾತು' ಅಂತ ಇದ್ದೇ ಇರುತ್ತಪ್ಪಾ, ಉಗುರಲ್ಲಿ ಕೆರೆದ್ರೆ ಹೋಗಲ್ಲ!

ಕೈ ವ್ಯಾಯಾಮದ ಚೆಂಡು ಯಾಕೆ ಬಿಟ್ಟೆ? ಹಿಡಿ. ಅಮುಕು... ಇನ್ನೂ ಸ್ವಲ್ಪ. ಬೆಳಿಗ್ಗೆ ಫೋನಲ್ಲಿ ಅಂಗಡಿ ಹೆಸರು ನೋಡಿದ್ಮೇಲೆ ನೀನಾಗೇ ಚೆಂಡಿಗೆ ಕೈ ಚಾಚ್ತೀಯಂತೆ, ಅತ್ತಿಗೆ ಹೇಳಿದ್ರು. ಎಷ್ಟು ಖುಷಿ ಆಯ್ತು ಗೊತ್ತಾ? ಕೈಗೂ ಬಲ ಬರುತ್ತೆ, ಮಾತೂ ಬರುತ್ತೆ, ಮನಸ್ಸು ಮಾತ್ರ ಬಿಡಬಾರದು ಅಂದಿದ್ದಾರಲ್ಲ ಡಾಕ್ಟರು. ಲಕ್ವ ಹೊಡೆದು ಆಸ್ಪತ್ರೆ ಸೇರಿ ಬಂದ ಹೊಸದ್ರಲ್ಲಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದೆಯಲ್ಲ... ಕರೆದ್ರೂ ಈ ಕಡೆ ನೋಡ್ತಿರ್ಲಿಲ್ಲ... ಬೇಡಪ್ಪಾ, ಮತ್ತೆ ಹಾಗಾಗೋದು ಬೇಡ. ನನ್ನ ಕೈಲಿ ನೋಡೋಕಾಗಲ್ಲ.

ಫೋನಾ? ಬರ್ತಿದೆ, ಬರ್ತಿದೆ, ಬಿಡುವೇ ಇಲ್ಲ! ನಿನಗ್ಯಾಕೆ ತೊಂದರೆ ಅಂತ, ಜಾಹೀರಾತು ಒತ್ತಿದ್ರೆ ನನಗೇ ಫೋನ್ ಬರೋ ಹಾಗೆ ನನ್ನ ನಂಬರ್ ಹಾಕಿದ್ದು ಒಳ್ಳೇದಾಯ್ತು. ಇವತ್ತು ಒಬ್ಬರು ಟೈಲರಮ್ಮ... ದಾರ ಕೆಳಗಡೆ ಗಂಟು ಗಂಟಾಗ್ತಿದೆಯಂತೆ. ಅಣ್ಣನಿಗೆ ಹುಷಾರಿಲ್ಲ, ಕಾಯ್ತೀರಾ ಅಂದೆ. ಎಷ್ಟು ದಿನ ಆದ್ರೂ ಕಾಯ್ತೀನಿ, ಬೇರೆಯವರ ಕೈಗೆ ಕೊಡಲ್ಲ ಅಂದ್ರು ಕಣೋ!

ಕಾಲು ಯಾಕೆ ಆಡಿಸ್ತೀಯಾ? ನೋವಾ? ...ಓ! ತುಳಿಯೋ ಮಿಷನ್ನಾ ಅಂತಲಾ? ಹೂಂ, ತುಳಿಯೋದು... ಅಲ್ಲ, ಕರೆಂಟಿಂದು... ಕೇಳೋದೇ ಮರೆತೆ. ಹಾಗೆ ನೋಡಬೇಡ! ಅಷ್ಟು ಜನ ಮಾಡಿದ್ರೆ ಎಲ್ಲಾ ನೆನಪಿರುತ್ತಾ? ಅದರ ಮಧ್ಯೆ ಒಬ್ಬ ಇದಾನೆ, ಪೀಡೆ, ದಿನಾ ಮಾಡ್ತಾನೆ. 'ಮಿಷನ್ ಡಾಕ್ಟರ್ ಅಂಗಡಿ, ಹೇಳಿ' ಅಂತೀನಿ, ಮಾತಿಲ್ಲ ಕತೆಯಿಲ್ಲ. ಬರೀ ಉಸಿರು. ಬೈದು ಇಟ್ಟುಬಿಡ್ತೀನಿ.

ಏನಾಯ್ತು? ಫೋನ್ ಯಾಕೆ ತಗೊಂಡೆ? ಏನೋ ತೋರಿಸ್ಬೇಕಾ? ...ತಾಳು, ತಾಳು, ನನ್ನ ಬ್ಯಾಗಲ್ಲಿ ಹೊಡ್ಕೊಳ್ತಿದೆ. ನೋಡಿದ್ಯಾ? ಹೇಳಿದ್ನಲ್ಲ, ಗಿರಾಕಿ! ಮಿಷನ್ ಡಾಕ್ಟರ್ ಅಂಗಡಿ, ಹೇಳಿ... ಹಲೋ? ...ಹಲೋ... ಇದೇನಿದು, ನನ್ನ ದನಿ ನಿನ್ನ ಫೋನಿಂದ...

ಅಣ್ಣಾ. ನೀನಾ? ದಿನಾ ಮಾಡ್ತಿದ್ದಿದ್ದು... ನೀನಾ?

ಈ ಫೋನಿನ ನಂಬರೇ ನನ್ನ ಹತ್ರ ಇರ್ಲಿಲ್ಲ. ಅತ್ತಿಗೆ ನಿನಗೆ ಹೊಸ ಫೋನ್ ಕೊಡ್ಸಿದಾಗ ನಂಬರ್ ತಗೊಳ್ಳೇ ಇಲ್ಲ ನಾನು. ಮಾತು ನಿಂತೋನಿಗೆ ಯಾರು ಫೋನ್ ಮಾಡ್ತಾರೆ ಅಂತ... ಛೇ.

ಯಾಕೋ ಒತ್ತಿದೆ? ಆ ಬೆರಳಲ್ಲಿ, ಅಷ್ಟು ಕಷ್ಟಪಟ್ಟು? ಅಂಗಡಿ ಹೆಸರು ತೋರಿಸ್ತೀಯಾ... ಕೈ ಕೆಳಗೆ ಇಳಿಸ್ತೀಯಾ... ಕೆಳಗೆ ಹೋಗಬಾರದು ಅಂತಲಾ? ನೋಡಿ ಒತ್ತದೇ ಬಿಟ್ರೆ ಜಾರಿ ಹೋಗುತ್ತೆ ಅಂತ ನಾನೇ ಹೇಳಿದ್ದೆ... ಅದಕ್ಕೆ ನೀನೇ ನಿನ್ನ ಗಿರಾಕಿ ಆದ್ಯಾ? ಅಯ್ಯೋ ಅಣ್ಣಾ! ನಾನು ಬೈದು ಬೈದು ಇಡ್ತಿದ್ನಲ್ಲೋ!

ಏನು, ಒಂದು ಬೆರಳು? ಹೂಂ, ಒಬ್ಬ ಗಿರಾಕಿ ನೀನು. ಮಿಕ್ಕವರಾ? ಮಿಕ್ಕವರು... ಆ ಟೈಲರಮ್ಮ ಇದಾರಲ್ಲ... ಆಮೇಲೆ...

ಫೋನ್ ಯಾಕೆ ಮತ್ತೆ ಕಿವಿಗೆ ಇಟ್ಕೊಂಡೆ?

ಫೋನ್ ಇಡು, ಇಲ್ಲೇ ಇದೀನಲ್ಲ. ಇಡಲ್ವಾ? ...ಸರಿ. ಕಿವಿಗೇ ಇಟ್ಕೊಂಡಿರು. ನಾನು ಕಿಟಕಿ ಕಡೆ ತಿರುಗಿ ಇದರಲ್ಲೇ ಹೇಳ್ತೀನಿ. ನಿನ್ನ ಮುಖ ನೋಡ್ತಾ ಹೇಳೋಕಾಗಲ್ಲ.

ಹಲೋ... ಬೇರೆ ಯಾರೂ ಮಾಡಿಲ್ಲ ಅಣ್ಣಾ. ಈ ಮನೆ ಸುತ್ತಮುತ್ತ ಮಾತ್ರ ಕಾಣೋ ಹಾಗೆ ಹಾಕಿದ್ದೆ. ಇಷ್ಟಗಲ ಜಾಗದಲ್ಲಿ ಅದನ್ನ ಹುಡುಕೋನು ನೀನೊಬ್ಬನೇ. ಆ ತಿರುವು ದಾಟಿದ್ರೆ ನಿನ್ನ ಹೆಸರು ಎಲ್ಲೂ ಬರಲ್ಲ. ನಿಜವಾದ ಗಿರಾಕಿ ಬಂದು ಕೇಳಿದ್ರೆ ಎಲ್ಲಿಗೆ ಕಳಿಸ್ಲಿ? ಅಂಗಡಿ ಇಲ್ಲ ಕಣೋ. ನೀನು ಆಸ್ಪತ್ರೆಲಿದ್ದಾಗಲೇ ಜಾಗದೋರು ಬಿಡಿಸಿಕೊಂಡ್ರು. ಅತ್ತಿಗೆ, ನಾನು, ಇಬ್ಬರೇ ಹೋಗಿ ಖಾಲಿ ಮಾಡಿದ್ವಿ. ಈಗ ಅಲ್ಲಿ ಬೇರೆಯವರ ಬೋರ್ಡು.

ಹಲೋ? ...ಹಲೋ... ಇದೀಯಾ?

...ಉಸಿರು ಕೇಳಿಸ್ತಿದೆ. ಇಡಬೇಡ ಅಣ್ಣಾ. ನನ್ನ ಬೈಯೋಕೆ ಮಾತು ಬರೋವರೆಗೂ ಇಡಬೇಡ.