ಸೆಲ್ ಇಲ್ಲದ ಕೀಲಿ

ಬಾಗಲಾ ಹಾಕ್ಕೊಂಡು ಬರ್ರಿ, ಸನೇಕ ಕುಂದರ್ರಿ. ಇದು ಕಟ್ಟಿದ ಕತಿ ಅಲ್ಲ. ನಮ್ಮ ಅಕ್ಕನ ಮಗಳು ನೀಲಿಮಾ ಅದಾಳಲ್ಲ, ಅಕಿ ಗಂಡ ಮಿಥುನಗ ಆಗಿದ್ದು. ಮಾರ್ಕೆಟ್ ಯಾರ್ಡಿನ್ಯಾಗ ಉಳ್ಳಾಗಡ್ಡಿ ದಲಾಲರ ಹತ್ರ ಕೆಲಸ ಅವಂದು. ಮಾರಿ ನೋಡಿದ್ರ ದೇವರಂಥಾ ಮನಷಾ. ಮಾರಿ ಅಷ್ಟ.

ಹೋದ ಬ್ಯಾಸಿಗಿ. ಪುಣೆದ ಕಾತ್ರಜದಾಗ ಓಣಿ ಎಲ್ಲಾ ಮಲಗಿತ್ತು. ಮಿಥುನ ಆಲದ ಮರದ ಕಡೆ ಒಬ್ಬನ ನಡಕೊಂತ ಬರಾಕತ್ತಿದ್ದ. ಎಲ್ಲಿಂದ? ಶೀತಲ್ ಅನ್ನಾಕಿ ಮನಿಯಿಂದ. ಗಂಡ ದುಬೈದಾಗ, ಅಕಿ ಲಿಪ್‌ಸ್ಟಿಕ್ ಇಲ್ಲಿ. ಐದು ನಿಮಿಷ ಅಂತ ಹೋದಾಂವ ಎಷ್ಟೊತ್ತು ಇದ್ದನೋ, ಆ ಮನಿ ಗ್ವಾಡಿಗೇ ಗೊತ್ತು. ಹೇಣ್ತಿಗೆ ಹೇಳಿದ್ದೇನು? ಮಗಳಿಗೆ ಕುಲ್ಫಿ ಕೊಡಸ್ತೀನಿ ಅಂತ. ಕೂಸು ಕುಲ್ಫಿ ತಿಂದು ಕಾರಿನ ಹಿಂದಿನ ಸೀಟಿನ್ಯಾಗ ನಿದ್ದಿ ಹೋಗಿತ್ತು. ಅದನ್ನ ಆಲದ ಕೆಳಗ ಬಿಟ್ಟು, ಗ್ಲಾಸ್ ಏರಿಸಿ, ಲಾಕ್ ಮಾಡಿ ಹೋಗಿದ್ದ ಮಹಾರಾಯ!

ಬಂದು ಕೀಲಿ ಗುಂಡಿ ಒತ್ತಿದ. ಸುಮ್ಮನ. ಮತ್ತ ಒತ್ತಿದ... ಕಾರು ಪಿಟ್ಟೆನ್ನಲಿಲ್ಲ. ಕೀಲ್ಯಾಗಿನ ಸೆಲ್ ಸತ್ತಿತ್ತು.

ಅಂಥಾ ಕೀಲಿಯೊಳಗ ಕಬ್ಬಿಣದ್ದೊಂದು ಸಣ್ಣ ಕೀಲಿ ಇರ್ತದ. ಆದ್ರ ಕಾರು ತಂದ ದಿನ ಜೇಜುರಿಗೆ ಹೋಗಿ ಖಂಡೋಬನ ಮುಂದ ಅರಿಶಿಣದ ಭಂಡಾರ ಹಾರಿಸಿ ಬಂದ್ರಲ್ಲ, ಅವತ್ತ ನಮ್ಮ ಅಕ್ಕ ಆ ಕಬ್ಬಿಣದ್ದನ್ನ ಎಳದು ತಗದು, ಭಂಡಾರದ ಗಂಟಿನ್ಯಾಗ ಕಟ್ಟಿ, ಮಿಥುನನ ಮನಿ ದೇವರ ಜಗಲಿ ಮ್ಯಾಲೆ ಇಟ್ಟಿದ್ದಳು. ವರ್ಷ ತುಂಬೂತನಾ ಇಳಸಬಾರದಂತ. ಅದನ್ನ ತರಾಕ ಮನಿಗೆ ಹೋದ್ರ, ಕೂಸು ಎಲ್ಲಿ ಅಂತ ನೀಲಿಮಾ ಕೇಳೂದಿಲ್ಲೇನು? ಗಂಡಸು ನೋಡ್ರಿ... ಕೂಸಿಗಿಂತ ಮಾನ ದೊಡ್ಡದಾತು. ಸೆಲ್ ಹುಡುಕಾಕ ಹೊಂಟ.

ಓಣಿ ತುದ್ಯಾಗ ಯಾದಗಿರಿ ಕಡೆಯಿಂದ ಬಂದ ಶಂಕ್ರೆಪ್ಪನ ಕಿರಾಣಿ ಅಂಗಡಿ. ಶಟರ್ ಅರ್ಧ ಇಳದಿತ್ತು. ಬಗ್ಗಿ, ಸತ್ತ ಸೆಲ್ ತೋರಿಸಿದ.

“ಇಂಥಾದ್ದು ಅದ ಏನ್ರಿ?”

“ಮೆಲ್ಲಕ ಮಾತಾಡ್ರಿ, ಮಂದಿ ಮಲಗ್ಯಾರ. ತಗೋರಿ.”

“ನಂದರ ಮ್ಯಾಲೆ ಇಪ್ಪತ್ತು ಮೂವತ್ತೆರಡು ಅಂತ ಅದ. ಇದು ಇಪ್ಪತ್ತು ಇಪ್ಪತ್ತೈದು.”

“ಗುಂಡಗ ಅದ, ಬೆಳ್ಳಗ ಅದ. ಜಾತಕ ಕೂಡಿಸಿ ಮದಿವಿ ಮಾಡವ್ರೇನು ಅದಕ? ಹಾಕ್ರಿ, ಕೂಡ್ತದ.”

ಕಾರಿನ ಹತ್ರ ಬಂದು ಹಾಕಿದ. ಕೂಡಲಿಲ್ಲ. ಅಗಲ ಬರೋಬರಿ, ದಪ್ಪ ಕಮ್ಮಿ. ಅಳ್ಳಾಡಿಸಿದ್ರ ಕೀಲಿಯೊಳಗ ಲೊಟಕ್... ಲೊಟಕ್... ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಮಡಚಿ ತುರುಕಿದ. ಒತ್ತಿದ. ಇಲ್ಲ. ಗ್ಲಾಸಿಗೆ ಮಾರಿ ಹಚ್ಚಿ ನೋಡಿದ. ಒಳಗ ಉಗಿ ಕಟ್ಟಿತ್ತು. ಕೂಸು ಕಾಣವಲ್ದು.

“ಅವ್ವೀ... ಏಳವಾ...”

ಒಳಗಿಂದ ಬಳಿ ಸಪ್ಪಳ. ಖಳ್... ಖಳ್... ಕೂಸಿನ ಕೈಯಾಗ ಬಳಿ ಇರಲಿಲ್ಲರೀ! ಅದರ ಹಿಂದ ಒಂದು ಹೆಣ್ಣಿನ ದನಿ, ಭಾಳ ಮೆಲ್ಲಕ.

“ತಲಿ ಅಳ್ಳಾಡಿಸಬ್ಯಾಡ... ಆತು, ಆತು...”

ಮಿಥುನ ಬಾಗಲದ ಹಿಡಿಕಿ ಜಗ್ಗಿದ. ಗ್ಲಾಸ್ ಒಡೀಬೇಕಂತ ಕಲ್ಲು ಎತ್ತಿದ. ಆವಾಗ... ಟಕ್. ನಾಕೂ ಬಾಗಲಾ ಒಮ್ಮೆಲೆ. ದೀಪ ಎರಡು ಸಲ ಮಿಂಚಿದುವು. ಕೀಲಿ ಎಡಗೈಯಾಗ ಬಾಯಿ ತಕ್ಕೊಂಡಿತ್ತು. ಸೆಲ್ ಅವನ ಕಾಲ ಹತ್ರ ನೆಲದ ಮ್ಯಾಲೆ ಬಿದ್ದಿತ್ತು.

ಬಾಗಲಾ ಎಳದ. ಒಳಗ ಕೂಸು ಒಂದ. ಉಸರಾಡಾಕತ್ತಿತ್ತು. ಎದಿಗೆ ಅವಚಿಕೊಂಡು, ಕಾರು ಅಲ್ಲೇ ಬಿಟ್ಟು, ಮನಿತನಾ ಓಡಿದ.

ನೀಲಿಮಾ ಬಾಗಲದಾಗ ನಿಂತಿದ್ದಳು. ಕೂಸಿನ ಬೆನ್ನಿಗೆ ಕೈ ಹಾಕಿದಾಕಿ ಹಂಗ ನಿಂತಳು.

“ನಾ ಕೂದಲಾ ಬಿಟ್ಟು ಕಳಿಸಿದ್ದೆ. ಜಡಿ ಯಾರು ಹಾಕಿದ್ರು?”

ಅವ ಕೂಸಿನ ಬೆನ್ನ ಮ್ಯಾಲಿನ ಜಡಿ ಮುಟ್ಟಿ ನೋಡಿದ.

“ಯಾರ ಮನ್ಯಾಗ ಇದ್ರಿ?”

ಒಂದೊಂದ ಹೊರಗ ಬಂತು. ಶೀತಲ್ ಹೆಸರೂ ಬಂತು. ಈಗ ನೀಲಿಮಾ ಕೂಸಿನ್ನ ಕಟ್ಕೊಂಡು ತವರು ಮನ್ಯಾಗ ಅದಾಳ. ಮುಂದೇನಾತು ಅಂತ ನನ್ನ ಕೇಳಬ್ಯಾಡ್ರಿ. ಕೇಳಿದ್ರ ಹೇಳಿಬಿಡ್ತೀನಿ.

ಆ ಜಡಿ ಶೀತಲ್ಲೇ ಹಾಕಿರಬೇಕು ಅಂತಾರ ಮಂದಿ. ಅಕಿ ಮಾಡಿದ್ದು ಅಕಿಗಿರಲಿ, ಇದೊಂದು ಅಕಿದಲ್ಲ, ಕಾರಿನ್ಯಾಗ ಬಳಿ ಸಪ್ಪಳ ಮಾಡಿದಾಕಿದು. ಮರುದಿನ ಮುಂಜಾನೆ ಸುದ್ದಿ ಕೇಳಿ ಓಡಿ ಹೋಗಿ, ಆ ಜಡಿ ಬಿಚ್ಚಿದಾಕಿ ನಾನ. ಐದೆಳಿ ಜಡಿ. ರಾತ್ರಿಯೆಲ್ಲಾ ಕೂಸು ಫ್ಯಾನಿನ ಕೆಳಗ ಮಲಗಿತ್ತು... ಆದ್ರೂ ಹಿಂಡಿದ್ರ ನೀರು ಇಳೀತು. ಖರೇ ಹೇಳ್ತೀನಿ, ಇದ ಕೈಯಾಗ ಹಿಂಡೀನಿ.